‘ಕಂಪನಿ’: ಒಂದು ಎರವಲು ಪದದ ಅರ್ಥಚರಿತ್ರೆ

1

ಪುಣೆಯ ಉತ್ತರಕ್ಕೆ, ನಾಸಿಕದ ಹೆದ್ದಾರಿಯ ಬದಿಯಲ್ಲಿರುವ ಭೋಸರಿಯು ಇಂದು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯ ಒಂದು ಭಾಗ. ಅಲ್ಲಿ ನೆಲೆಸಿರುವ ವಿಜಯಪುರ, ಕಲಬುರಗಿ ಸೀಮೆಯ ಕನ್ನಡಿಗರನ್ನು ಉದ್ಯೋಗವೇನೆಂದು ವಿಚಾರಿಸಿದರೆ ‘ಕಂಪನ್ಯಾಗ ಅದೀನ್ರಿ’ ಎಂಬ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಯಾವ ಕಂಪನಿ ಎಂಬುದು ಅನಂತರದ ಪ್ರಶ್ನೆ. ನಾಲ್ಕು ಲೇತುಗಳ ತಗಡಿನ ಶೆಡ್ಡೂ ಅವರ ಮಾತಿನಲ್ಲಿ ಕಂಪನಿಯೇ. ಸಾವಿರಾರು ಜನ ದುಡಿಯುವ ಮೋಟಾರು ವಾಹನಗಳ ಸ್ಥಾವರವೂ ಕಂಪನಿಯೇ. ಇದೇ ಪದವನ್ನು ಉತ್ತರ ಕರ್ನಾಟಕದ ಹಳ್ಳಿಯ ಹಿರಿಯರ ಮುಂದೆ ಆಡಿದರೆ ಅವರಿಗೆ ಜಾತ್ರೆಯ ಬಯಲಿನಲ್ಲಿ ಠಿಕಾಣಿ ಹೂಡುವ ನಾಟಕದ ತಂಡ ನೆನಪಾಗುತ್ತದೆ. ಲಾವಣಿಕಾರರ ಬಾಯಲ್ಲಿ ಅದು ‘ಕುಂಪಣಿ’ಯಾಗಿ ಬ್ರಿಟಿಷರ ಸರಕಾರವನ್ನು ಸೂಚಿಸುತ್ತದೆ.

ಒಂದೇ ಇಂಗ್ಲಿಷ್ ಪದವು ಕನ್ನಡದಲ್ಲಿ ಹೀಗೆ ಮೂರು ಬೇರೆ ಬೇರೆ ಲೋಕಗಳಿಗೆ ಹೆಸರಾದುದು ಹೇಗೆ? ಇಂಗ್ಲಿಷಿನಲ್ಲಿದ್ದ ನಾನಾರ್ಥಗಳೆಲ್ಲ ಒಮ್ಮೆಗೇ ಕನ್ನಡಕ್ಕೆ ಇಳಿದು ಬಂದವೆಂದು ಭಾವಿಸುವುದು ಸುಲಭ. ಆದರೆ ಚರಿತ್ರೆಯ ಸಾಕ್ಷ್ಯವು ಅದನ್ನು ಸಮರ್ಥಿಸುವುದಿಲ್ಲ. ಈ ಪದವು ಕನ್ನಡವನ್ನು ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ದಾರಿಗಳಿಂದ, ಬೇರೆ ಬೇರೆ ಜನವರ್ಗಗಳ ಮೂಲಕ ಮೂರು ಸಲ ಪ್ರವೇಶಿಸಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಭೋಸರಿಯಂತಹ ಹೊರನಾಡಿನ ಕನ್ನಡವನ್ನು ಗಮನಿಸದೆ ಈ ಅರ್ಥಚರಿತ್ರೆಯು ಪೂರ್ಣವಾಗಲಾರದೆಂಬುದು ನಮ್ಮ ಎರಡನೆಯ ವಾದ.

2

ಮೊದಲು ಪದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಕೊಂ’ ಎಂದರೆ ಕೂಡಿ, ಜೊತೆಯಲ್ಲಿ. ‘ಪಾನಿಸ್’ ಎಂದರೆ ರೊಟ್ಟಿ. ಇವೆರಡೂ ಸೇರಿ ಉತ್ತರಕಾಲೀನ ಲ್ಯಾಟಿನ್ನಿನಲ್ಲಿ ‘ಕಂಪಾನಿಯೋ’ ಎಂಬ ಪದವಾಯಿತು. ಒಂದೇ ರೊಟ್ಟಿಯನ್ನು ಹಂಚಿಕೊಂಡು ಉಣ್ಣುವವನು, ಸಹಭೋಜಿ ಎಂಬುದು ಅದರ ವಾಚ್ಯಾರ್ಥ. ಈ ರಚನೆಯೂ ಲ್ಯಾಟಿನ್ನಿನ ಸ್ವಂತದ್ದಲ್ಲವೆಂದೂ, ಜರ್ಮಾನಿಕ್ ಭಾಷೆಗಳಲ್ಲಿದ್ದ ಇದೇ ಅರ್ಥದ ಪದವೊಂದರ ಅನುವಾದವೆಂದೂ ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಗಾಥಿಕ್ ಭಾಷೆಯ ‘ಗಹ್ಲೈಬ’ ಎಂಬ ಪದದಲ್ಲಿಯೂ ‘ಕೂಡಿ’ ಮತ್ತು ‘ರೊಟ್ಟಿ’ ಎಂಬ ಎರಡೇ ಅಂಶಗಳಿವೆ. ಹಳೆಯ ಫ್ರೆಂಚಿನ ಮೂಲಕ ಈ ಪದವು 12-13ನೆಯ ಶತಮಾನಗಳಲ್ಲಿ ಇಂಗ್ಲಿಷಿಗೆ ಬಂದಿತು. ಅಲ್ಲಿ ಮೊದಲು ಜನರ ಗುಂಪು, ಸಹವಾಸ ಎಂಬ ಅರ್ಥಗಳಿದ್ದವು. ಕಸುಬುದಾರರ ಮತ್ತು ವರ್ತಕರ ಸಂಘ, ಕಾಲ್ದಳದ ಒಂದು ತುಕಡಿ ಎಂಬ ಅರ್ಥಗಳು 14-15ನೆಯ ಶತಮಾನಗಳ ಸುಮಾರಿಗೆ ಸೇರಿಕೊಂಡವು. ವ್ಯಾಪಾರಕ್ಕಾಗಿ ಬಂಡವಾಳ ಕೂಡಿಸಿದ ಸಂಸ್ಥೆ ಎಂಬ ಅರ್ಥವು ಸ್ಥಿರಪಟ್ಟುದು 16ನೆಯ ಶತಮಾನದಲ್ಲಿ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವರ್ತಕರು ಕೂಡಿಕೊಂಡು ದೂರದೇಶಗಳಲ್ಲಿ ವ್ಯಾಪಾರ ಮಾಡುವ ವ್ಯವಸ್ಥೆ ಕನ್ನಡಿಗರಿಗೆ ಹೊಸದಾಗಿರಲಿಲ್ಲ. ಐಹೊಳೆಯನ್ನು ಮೂಲವಾಗಿ ಉಳ್ಳ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ದಕ್ಷಿಣ ಭಾರತದಾದ್ಯಂತ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ದೊರೆತಿರುವ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಹೀಗಿದ್ದೂ ಯುರೋಪಿನ ವರ್ತಕ ಸಂಘಗಳು ಬಂದಾಗ ಕನ್ನಡವು ತನ್ನ ಹಳೆಯ ಪದಗಳನ್ನು ಅವಕ್ಕೆ ಒಪ್ಪಿಸಲಿಲ್ಲ. ಹೊಸ ಪದವನ್ನೇ ಸ್ವೀಕರಿಸಿತು. ಇದಕ್ಕೆ ಕಾರಣವನ್ನು ಪದದ ಮೊದಲನೆಯ ಪ್ರವೇಶದ ಸಂದರ್ಭದಲ್ಲಿಯೇ ಹುಡುಕಬೇಕು.

3

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ರಾಣಿ ಎಲಿಜಬೆತ್ ಸನ್ನದು ನೀಡಿದ್ದು 1600ರ ಡಿಸೆಂಬರ್ 31ರಂದು. ಡಚ್ಚರ ಕಂಪನಿ 1602ರಲ್ಲಿಯೂ ಫ್ರೆಂಚರ ಕಂಪನಿ 1664ರಲ್ಲಿಯೂ ಹುಟ್ಟಿದವು. ಮೂರೂ ಭಾಷೆಗಳಲ್ಲಿ ಪದವು ಒಂದೇ, ಉಚ್ಚಾರಣೆ ಮಾತ್ರ ಬೇರೆ. ಆದ್ದರಿಂದ ಕನ್ನಡಿಗರ ಕಿವಿಗೆ ಬಿದ್ದ ಮೊದಲ ‘ಕಂಪನಿ’ಯು ಇಂಗ್ಲಿಷಿನದೇ ಆಗಿರಬೇಕೆಂದು ಹೇಳುವಂತಿಲ್ಲ. ಸೋಂದೆಯ ಮೆಣಸಿನ ಖ್ಯಾತಿಗೆ ಆಕರ್ಷಿತವಾಗಿ ಕಾರವಾರದಲ್ಲಿ 1638ರಲ್ಲಿ ಮಳಿಗೆ ತೆರೆದ ಇಂಗ್ಲಿಷರೂ ಈಸ್ಟ್ ಇಂಡಿಯಾ ಕಂಪನಿಯವರಲ್ಲ, ಅದರ ಪ್ರತಿಸ್ಪರ್ಧಿಯಾದ ಕೋರ್ಟೀನ್ ಸಂಘದವರು.

ಈ ಕಾಲದ ‘ಕುಂಪಣಿ’ ಎಂಬ ರೂಪವು ವಿಚಾರಾರ್ಹವಾಗಿದೆ. ತಮಿಳಿನಲ್ಲಿ ‘ಕುಂಬಿನಿ’, ತೆಲುಗಿನಲ್ಲಿ ‘ಕುಂಫಿಣಿ’, ಮಲಯಾಳದಲ್ಲಿ ‘ಕುಂಪಞ್ಞಿ’ ಎಂಬ ರೂಪಗಳಿವೆ. ನಾಲ್ಕರಲ್ಲಿಯೂ ಮೊದಲ ಅಕ್ಷರದಲ್ಲಿ ಉಕಾರವಿದೆ. ಮರಾಠಿಯಲ್ಲಿ ಮತ್ತು ಹಿಂದಿಯಲ್ಲಿ ಪ್ರಚಲಿತವಾದುದು ಅಕಾರದ ‘ಕಂಪನಿ’ ರೂಪ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಆಡಳಿತದ ಬಹುಭಾಗ ಮರಾಠಿಯ ನೆರಳಿನಲ್ಲಿಯೇ ನಡೆದರೂ ಅಲ್ಲಿನ ಲಾವಣಿಗಳು ಉಕಾರದ ರೂಪವನ್ನೇ ಉಳಿಸಿಕೊಂಡಿವೆ. ಈ ಪದವು ಪುಣೆಯ ದಾರಿಯಿಂದಲ್ಲ, ದಕ್ಷಿಣದ ದಾರಿಯಿಂದ, ಪ್ರಾಯಶಃ ಮೈಸೂರು ಯುದ್ಧಗಳ ಕಾಲದ ದಂಡು ಮತ್ತು ಸಂತೆಗಳ ಮಾತಿನಿಂದ, ಜನರ ಬಾಯಿಗೆ ಬಂದಿತೆಂದು ಊಹಿಸಲು ಇದು ಅವಕಾಶ ಕೊಡುತ್ತದೆ. ಅದು ಓದಿ ಕಲಿತ ಪದವಲ್ಲ, ಕಿವಿಯಿಂದ ಕೇಳಿ ಕಲಿತ ಪದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಪೇಶ್ವೆಯೊಡನೆ 1817ರ ಜೂನ್‌ನಲ್ಲಿ ಆದ ಪುಣೆಯ ಒಪ್ಪಂದದಂತೆ ಧಾರವಾಡವು ಕಂಪನಿಗೆ ಸಂದಿತು. ಅದೇ ವರ್ಷದ ನವೆಂಬರ್ 5ರಂದು ಭೋಸರಿಗೆ ಕೆಲವೇ ಮೈಲಿ ದೂರದ ಖಡಕಿಯಲ್ಲಿ ನಡೆದ ಕಾಳಗವು ಪೇಶ್ವೆಯ ಪ್ರಭುತ್ವವನ್ನು ಕೊನೆಗಾಣಿಸುವುದಕ್ಕೆ ನಾಂದಿಯಾಯಿತು. ಮರುವರ್ಷ ಬೆಳಗಾವಿಯ ಕೋಟೆ ಮನ್ರೋನ ವಶವಾಯಿತು. ಖಡಕಿಯ ಕಾಳಗವನ್ನು ಮರಾಠರ ಚರಿತ್ರೆಯ ಒಂದು ಅಧ್ಯಾಯವೆಂದಷ್ಟೇ ಓದುವ ರೂಢಿಯಿದೆ; ಕೃಷ್ಣೆಯ ದಕ್ಷಿಣದ ಕನ್ನಡಿಗರು ‘ಕುಂಪಣಿ ಸರಕಾರ’ದ ಪ್ರಜೆಗಳಾದುದರ ಹಿನ್ನೆಲೆಯೂ ಅದೇ. 1824ರಲ್ಲಿ ಕಿತ್ತೂರು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ, 1857ರ ನವೆಂಬರ್‌ನಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು, ಇವರೆಲ್ಲರೂ ಎದುರಿಸಿದುದು ಒಂದು ವರ್ತಕ ಸಂಸ್ಥೆಯನ್ನು. ಆದರೆ ಜನಪದರ ದೃಷ್ಟಿಯಲ್ಲಿ ಅದು ವರ್ತಕ ಸಂಸ್ಥೆಯಾಗಿರಲಿಲ್ಲ. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಹಲಗಲಿಯ ಲಾವಣಿಯಲ್ಲಿ ಕುಂಪಣಿ ಎಂಬುದು ವಿಲಾಯತಿಯಿಂದ ಹುಕುಮು ಕಳುಹಿಸುವ ಅಧಿಕಾರ. ಅದಕ್ಕೆ ಅಂಗಡಿಯಾಗಲಿ ತಕ್ಕಡಿಯಾಗಲಿ ಇಲ್ಲ. ಕನ್ನಡವು ‘ಐನೂರ್ವರು’ ಎಂಬಂತಹ ಪದವನ್ನು ಇದಕ್ಕೆ ಅನ್ವಯಿಸದಿದ್ದುದಕ್ಕೆ ಕಾರಣ ಇದೇ ಎಂದು ನಮಗೆ ತೋರುತ್ತದೆ. ಪದವು ಜನಸಾಮಾನ್ಯರಲ್ಲಿ ಬೇರೂರುವ ವೇಳೆಗೆ ಅದರ ವ್ಯಾಪಾರದ ಅರ್ಥವು ಹಿಂದೆ ಸರಿದು ಪ್ರಭುತ್ವದ ಅರ್ಥವೊಂದೇ ಮುಂದೆ ನಿಂತಿತ್ತು.

1858ರ ನವೆಂಬರ್ 1ರ ರಾಣಿಯ ಘೋಷಣೆಯೊಡನೆ ಕಂಪನಿಯ ಆಳ್ವಿಕೆ ಮುಗಿಯಿತು. 1874ರಲ್ಲಿ ಸಂಸ್ಥೆಯೇ ವಿಸರ್ಜನೆಗೊಂಡಿತು. ‘ಕುಂಪಣಿ’ ಪದವು ಮಾತ್ರ ಹಾಡುಗಳಲ್ಲಿ ಉಳಿಯಿತು. 1885ರಿಂದ ಈಚೆಗೆ ಫ್ಲೀಟ್ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದಾಗ ಸಂಸ್ಥೆಯು ಕಾಗದದ ಮೇಲೂ ಇರಲಿಲ್ಲ.

4

ಎರಡನೆಯ ಪ್ರವೇಶವು ರಂಗಭೂಮಿಯ ಮೂಲಕ ಆದುದು. ಅದಕ್ಕೆ ಮೊದಲು ಕನ್ನಡದಲ್ಲಿ ಆಟದ ತಂಡಕ್ಕೆ ‘ಮೇಳ’ ಎಂಬ ಹೆಸರಿತ್ತು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಯಲ್ಲಿ ನೀಡಿದ ಪ್ರದರ್ಶನವೇ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ರಂಗಕ್ಕೆ ತರಲು ಪ್ರೇರಣೆಯಾಯಿತೆಂಬುದು ಮರಾಠಿ ರಂಗಭೂಮಿಯ ಚರಿತ್ರಕಾರರೂ ಒಪ್ಪಿರುವ ಸಂಗತಿ. ಮುಂದೆ ಮರಾಠಿಯಲ್ಲಿ ‘ಮಂಡಳಿ’ ಎಂಬ ಪದ ನೆಲೆಗೊಂಡಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಶಾಕುಂತಲ’ವನ್ನು ಪ್ರದರ್ಶಿಸಿದರು, ಅವರ ತಂಡದ ಹೆಸರು ಕಿರ್ಲೋಸ್ಕರ ನಾಟಕ ಮಂಡಳಿ. ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕಟ್ಟಿದ ತಂಡವೂ ‘ಕೃತಪುರ ನಾಟಕ ಮಂಡಳಿ’ಯೇ. ಮೈಸೂರಿನ ಅರಮನೆಯ ತಂಡ ‘ಸಭಾ’ ಎನಿಸಿತು. 1884ರಲ್ಲಿ ಹುಟ್ಟಿದ ಗುಬ್ಬಿಯ ತಂಡದ ಪೂರ್ಣ ನಾಮಧೇಯದಲ್ಲಿ ‘ಸಂಘ’ ಎಂಬ ಪದವಿತ್ತು.

ಹೀಗೆ ಫಲಕಗಳ ಮೇಲೆ ಸಭಾ, ಸಂಘ, ಮಂಡಳಿ ಎಂದು ಬರೆಯಲಾಗಿದ್ದರೂ ಪ್ರೇಕ್ಷಕರು ಕರೆದುದು ‘ಗುಬ್ಬಿ ಕಂಪನಿ’ ಎಂದೇ. ಮುಂಬಯಿಯ ಪಾರಸಿಗಳು 1860ರ ದಶಕದಿಂದ ಕಟ್ಟಿದ ವಿಕ್ಟೋರಿಯಾ ಮೊದಲಾದ ತಂಡಗಳು ತಮ್ಮನ್ನು ಇಂಗ್ಲಿಷಿನಲ್ಲಿ ‘ಕಂಪನಿ’ ಎಂದೇ ಕರೆದುಕೊಂಡಿದ್ದವು. ಊರಿಂದೂರಿಗೆ ಸಂಚರಿಸುವುದು, ಟಿಕೆಟ್ಟು ಮಾರುವುದು, ಚಿತ್ರಿಸಿದ ಪರದೆ, ಸಂಬಳದ ನಟರು, ಇವೆಲ್ಲ ಪಾರಸಿ ಮಾದರಿಯಿಂದ ಬಂದಂತೆ ಹೆಸರೂ ಬಂದಿತು. ಗಮನಿಸತಕ್ಕ ವ್ಯತ್ಯಾಸವೆಂದರೆ ಇಲ್ಲಿ ‘ಕುಂಪಣಿ’ ಎಂಬ ರೂಪವು ಬಳಕೆಯಾಗಲಿಲ್ಲ. ರಂಗಭೂಮಿಯ ‘ಕಂಪನಿ’ಯು ಅಕಾರದ್ದು, ಅದು ಮುಂಬಯಿಯ ದಾರಿಯಿಂದ ಬಂದುದು. ಆಳುವವರ ಹೆಸರು ಒಂದಾಗಿ, ಆಡುವವರ ಹೆಸರು ಇನ್ನೊಂದಾಗಿ, ಒಂದೇ ಪದವು ಎರಡು ಉಚ್ಚಾರಣೆಗಳಲ್ಲಿ ಏಕಕಾಲಕ್ಕೆ ಬದುಕಿತು.

ಈ ಕಂಪನಿಗಳ ಒಳಜೀವನವು ಪದದ ಮೂಲಾರ್ಥಕ್ಕೆ ಅನಿರೀಕ್ಷಿತವಾಗಿ ಸಮೀಪವಾಗಿತ್ತು. ನಟರು, ಹಾರ್ಮೋನಿಯಂ ಮಾಸ್ತರರು, ಪರದೆ ಎಳೆಯುವವರು ಒಂದೇ ಬಿಡಾರದಲ್ಲಿರುತ್ತಿದ್ದರು. ಅಡುಗೆ ಸಾಮೂಹಿಕವಾಗಿ ಆಗುತ್ತಿತ್ತು. ಮಳೆಗಾಲದಲ್ಲಿ ಆಟವಿಲ್ಲದೆ ಸಂಬಳ ನಿಂತರೂ ಊಟ ನಿಲ್ಲಬಾರದೆಂಬುದು ಒಳ್ಳೆಯ ಮಾಲೀಕನ ಲಕ್ಷಣವೆನಿಸಿತ್ತು. ಲ್ಯಾಟಿನ್ನಿನ ಪರಿಚಯವಿಲ್ಲದೆಯೇ ಕನ್ನಡದ ನಾಟಕ ಕಂಪನಿಯು ಸಹಭೋಜನವೆಂಬ ಅರ್ಥವನ್ನು ಆಚರಣೆಯಲ್ಲಿ ಮರಳಿ ಪಡೆದಿತ್ತು.

5

ಮೂರನೆಯ ಪ್ರವೇಶದ ನೆಲೆ ಭೋಸರಿಯಂತಹ ಊರುಗಳು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ರೂಪುಗೊಂಡಿತು. ಅದು ಅಭಿವೃದ್ಧಿಪಡಿಸಿದ ಪ್ರದೇಶಗಳಲ್ಲಿ ಭೋಸರಿಯೂ ಒಂದು. 1970ರಲ್ಲಿ ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿ ಗ್ರಾಮಗಳನ್ನು ಕೂಡಿಸಿ ಪುರಸಭೆಯನ್ನು ರಚಿಸಲಾಯಿತು. 1982ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಪುಣೆಯೂ ಧಾರವಾಡ, ಬೆಳಗಾವಿ, ವಿಜಯಪುರಗಳೂ 1956ರವರೆಗೆ ಒಂದೇ ಪ್ರಾಂತದಲ್ಲಿದ್ದುದರಿಂದ ಕನ್ನಡಿಗರಿಗೆ ಪುಣೆ ಅಪರಿಚಿತವಾಗಿರಲಿಲ್ಲ. ಮೊದಲಿನ ತಲೆಮಾರು ಕಾಲೇಜಿಗಾಗಿ ಬಂದಿತು, ದ. ರಾ. ಬೇಂದ್ರೆಯವರು ಓದಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ. ಕೈಗಾರಿಕೆಗಳು ಬೆಳೆದಂತೆ ಬಂದವರಲ್ಲಿ ಮಳೆಯನ್ನು ನೆಚ್ಚಿ ಬದುಕುವ ಒಣಭೂಮಿಯ ಜನ ಬಹಳ.

ಈ ಜನ ಯಂತ್ರಗಳ ಮನೆಗೆ ‘ಕಾರಖಾನೆ’ ಎನ್ನದೆ ‘ಕಂಪನಿ’ ಎಂದುದೇಕೆ? ಪಶ್ಚಿಮ ಮಹಾರಾಷ್ಟ್ರದ ಆಡುಮಾತಿನಲ್ಲಿ ಈ ಪದಗಳಿಗೆ ಒಂದು ಹಂಚಿಕೆಯಿದೆ. ‘ಕಾರಖಾನೆ’ ಎಂದರೆ ಸಾಮಾನ್ಯವಾಗಿ ಸಕ್ಕರೆಯದು. ‘ಗಿರಣಿ’ ಅಥವಾ ‘ಮಿಲ್ಲು’ ಸೊಲ್ಲಾಪುರದಂತಹ ಊರುಗಳಲ್ಲಿ ಹತ್ತಿಯದು. ಕಬ್ಬಿಣ ಕೊರೆಯುವ, ಬಿಡಿಭಾಗ ಮಾಡುವ ಜಾಗಕ್ಕೆ ಉಳಿದುದು ‘ಕಂಪನಿ’. ಮರಾಠಿಯ ಈ ಹಂಚಿಕೆಯನ್ನೇ ಭೋಸರಿಯ ಕನ್ನಡವು ಸ್ವೀಕರಿಸಿದೆ. ಪದವು ಬಂದ ದಾರಿ ಮರಾಠಿಯದಾದರೂ ಅದರ ವಿಭಕ್ತಿ ಕನ್ನಡದ್ದು. ‘ಕಂಪನ್ಯಾಗ’ ಎಂಬ ಸಪ್ತಮಿ ರೂಪವು ಉತ್ತರ ಕರ್ನಾಟಕದ ‘ಮನ್ಯಾಗ’ ಎಂಬುದರ ಅಚ್ಚಿನಲ್ಲಿಯೇ ಎರಕಗೊಂಡಿದೆ. ಇದರಿಂದ ಕವಲೊಡೆದ ಬಳಕೆಗಳೂ ಇವೆ. ‘ಕಂಪನಿ ಮಾಲು’ ಎಂದರೆ ಅಸಲಿ ಮಾಲು, ‘ಲೋಕಲ್’ ಅಲ್ಲದ್ದು. ‘ಕಂಪನಿ ಕೊಡುವುದು’ ಎಂದರೆ ಜೊತೆಗಿರುವುದು. ಈ ಕೊನೆಯದು ಇಂಗ್ಲಿಷಿನ ಹಳೆಯ ಸಹವಾಸಾರ್ಥವು ಭಾರತೀಯ ಇಂಗ್ಲಿಷಿನ ಮೂಲಕ ತಡವಾಗಿ ಬಂದುದು.

ಇಲ್ಲಿ ಚರಿತ್ರೆಯ ಒಂದು ತಿರುವು ಕಾಣುತ್ತದೆ. 17ನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರ ಮತ್ತು ಹುಬ್ಬಳ್ಳಿಗಳಲ್ಲಿ ಹೊಂದಿದ್ದ ಮಳಿಗೆಗಳನ್ನು ಅವರ ದಾಖಲೆಗಳು ‘ಫ್ಯಾಕ್ಟರಿ’ ಎನ್ನುತ್ತವೆ. 1673ರಲ್ಲಿ ಮರಾಠರ ಸೈನ್ಯವು ಹುಬ್ಬಳ್ಳಿಯಲ್ಲಿ ಲೂಟಿ ಮಾಡಿದುದು ಇಂತಹ ಒಂದು ಫ್ಯಾಕ್ಟರಿಯನ್ನು. ಅಲ್ಲಿ ಯಾವ ವಸ್ತುವೂ ತಯಾರಾಗುತ್ತಿರಲಿಲ್ಲ. ‘ಫ್ಯಾಕ್ಟರ್’ ಎನಿಸಿದ ವರ್ತಕ ಪ್ರತಿನಿಧಿ ವಾಸಿಸುವ ವಖಾರಿ ಅದು. ಅಂದು ಕಂಪನಿಯು ಒಡೆಯ, ಫ್ಯಾಕ್ಟರಿಯು ಅದರ ಉಗ್ರಾಣ. ಇಂದು ಭೋಸರಿಯಲ್ಲಿ ವಸ್ತು ತಯಾರಾಗುವ ಜಾಗವೇ ಕಂಪನಿ. ದಾಖಲೆಗಳನ್ನು ಓದುವ ಸಂಶೋಧಕರು ಈ ಎರಡು ಪದಗಳ ಅದಲುಬದಲನ್ನು ನೆನಪಿನಲ್ಲಿಡದಿದ್ದರೆ 17ನೆಯ ಶತಮಾನದ ಹುಬ್ಬಳ್ಳಿಯಲ್ಲಿ ಇಲ್ಲದ ಕೈಗಾರಿಕೆಯೊಂದನ್ನು ಕಾಣುವ ಅಪಾಯವಿದೆ.

ಪದವು ಮರೆಯಾಗಿ ನಿಂತಿರುವ ಎಡೆಗಳೂ ಉಂಟು. ಭೋಸರಿಯ ‘ಟೆಲ್ಕೋ ರಸ್ತೆ’ಯ ಹೆಸರಿನಲ್ಲಿ ಕೊನೆಯ ‘ಕೋ’ ಎಂಬುದು ಕಂಪನಿಯೇ. ಟಾಟಾ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ ಎಂಬುದರ ಸಂಕ್ಷೇಪ ಅದು. 2003ರಲ್ಲಿ ಆ ಸಂಸ್ಥೆಯು ಟಾಟಾ ಮೋಟಾರ್ಸ್ ಆದರೂ ರಸ್ತೆಯ ಹೆಸರು ಬದಲಾಗಲಿಲ್ಲ. ಬೆಂಗಳೂರಿನ ‘ಮೈಕೋ’ ಸಹ ಅಂತಹುದೇ; 1951ರ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಬಡಾವಣೆ ಉಳಿದಿದೆ. ಕರೆಂಟು ಹೋದಾಗ ವಿಜಯಪುರದ ರೈತ ಬೈಯುವ ‘ಹೆಸ್ಕಾಂ’ನ ಕೊನೆಯ ‘ಕಾಂ’ ಕೂಡ ಕಂಪನಿಯೇ.

6

ಈ ಅರ್ಥಚರಿತ್ರೆಯು ಪದಗಳ ಕುತೂಹಲಕ್ಕಷ್ಟೇ ಸೀಮಿತವಲ್ಲ. ಕಾನೂನಿನ ಕಂಪನಿಗೂ ಕಾರ್ಮಿಕರ ಕಂಪನಿಗೂ ನಡುವೆ ಒಂದು ಅಂತರವಿದೆ. ಅದರ ಪರಿಣಾಮವನ್ನು ಅನುಭವಿಸುವವರು ಈ ಪದವನ್ನು ದಿನವೂ ಆಡುವವರೇ.

ಭಾರತದಲ್ಲಿ ಕೂಡುಬಂಡವಾಳದ ಸಂಸ್ಥೆಗಳನ್ನು ನೋಂದಾಯಿಸುವ ಮೊದಲ ಕಾಯಿದೆ ಬಂದುದು 1850ರಲ್ಲಿ. ಪಾಲುದಾರನ ಹೊಣೆಯನ್ನು ಅವನ ಪಾಲಿನಷ್ಟಕ್ಕೇ ಸೀಮಿತಗೊಳಿಸುವ ತತ್ತ್ವವು 1857ರ ಕಾಯಿದೆಯಲ್ಲಿ ಅಂಗೀಕೃತವಾಯಿತು. ಹಲಗಲಿಯ ಬೇಡರು ಕುಂಪಣಿಯ ವಿರುದ್ಧ ಕಾದಿದ ವರ್ಷವೂ ಅದೇ. 1956ರ ಮತ್ತು 2013ರ ಕಾಯಿದೆಗಳವರೆಗೆ ಬೆಳೆದು ಬಂದ ಈ ಪರಂಪರೆಯಲ್ಲಿ ಕಂಪನಿ ಎಂದರೆ ನೋಂದಣಿಯಿಂದ ಹುಟ್ಟಿದ ಒಂದು ಕಾನೂನು ವ್ಯಕ್ತಿ. ಭೋಸರಿಯ ಎಷ್ಟೋ ಸಣ್ಣ ಘಟಕಗಳು ಒಬ್ಬನೇ ಒಡೆಯನವು ಅಥವಾ ಪಾಲುದಾರಿಕೆಯವು. ಕಾನೂನಿನ ದೃಷ್ಟಿಯಲ್ಲಿ ಅವು ಕಂಪನಿಗಳೇ ಅಲ್ಲ. ನಿಜವಾಗಿಯೂ ನೋಂದಾಯಿತವಾದ ದೊಡ್ಡ ಕಂಪನಿಯೊಳಗೆ ದುಡಿಯುವವನೂ ಅನೇಕ ವೇಳೆ ಗುತ್ತಿಗೆದಾರನ ಪಟ್ಟಿಯಲ್ಲಿರುತ್ತಾನೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ‘ಪ್ರಧಾನ ನಿಯೋಜಕ’ ಮತ್ತು ‘ಗುತ್ತಿಗೆದಾರ’ ಎಂಬ ಭೇದವನ್ನು ಮಾಡಿತು. ಹೀಗಾಗಿ ಒಬ್ಬನು ‘ನಮ್ಮ ಕಂಪನಿ’ ಎನ್ನುವಾಗ ಅವನಿಗೆ ಸಂಬಳ ಕೊಡುವವನ ಹೆಸರು ಬೇರೆಯೇ ಆಗಿರಬಹುದು. ಅಪಘಾತದ ಪರಿಹಾರವನ್ನೋ ಭವಿಷ್ಯನಿಧಿಯನ್ನೋ ಕೇಳಬೇಕಾದ ದಿನ ‘ಕಂಪನಿ’ ಎಂದರೆ ಯಾರೆಂಬುದು ಶಬ್ದಾರ್ಥದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಊಟದ ವಿಷಯವೂ ಹೀಗೆಯೇ. 1948ರ ಕಾರ್ಖಾನೆಗಳ ಕಾಯಿದೆಯ 46ನೆಯ ಕಲಮು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಏರ್ಪಡಿಸುವಂತೆ ವಿಧಿಸಲು ರಾಜ್ಯ ಸರ್ಕಾರಗಳಿಗೆ ಅಧಿಕಾರವಿತ್ತಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಈ ಮಿತಿಯನ್ನು ಗುತ್ತಿಗೆ ಕಾರ್ಮಿಕರನ್ನೂ ಎಣಿಸಿ 100ಕ್ಕೆ ಇಳಿಸಿದೆ. ಹತ್ತು, ಇಪ್ಪತ್ತು ಜನರ ಶೆಡ್ಡುಗಳಿಗೆ ಈ ಎರಡೂ ಮಿತಿಗಳು ತಾಗುವುದಿಲ್ಲ. ಅಂತಹ ಶೆಡ್ಡಿನಲ್ಲಿ ದುಡಿಯುವವನಿಗೆ ಮನೆಯಿಂದ ತಂದ ಡಬ್ಬಿಯೇ ಆಸರೆ. ಇಲ್ಲವಾದರೆ ಗೇಟಿನ ಹೊರಗಿನ ಗಾಡಿಯ ವಡಾಪಾವ್.

ಈ ‘ಪಾವ್’ ಎಂಬ ಪದವನ್ನು ಇಲ್ಲಿ ಉಲ್ಲೇಖಿಸಲು ಕಾರಣವಿದೆ. ಅದು ಪೋರ್ಚುಗೀಜರ ‘ಪಾಂವ್’. ಅದರ ಮೂಲ ಲ್ಯಾಟಿನ್ನಿನ ‘ಪಾನಿಸ್’. ಎಂದರೆ ‘ಕಂಪನಿ’ ಎಂಬ ಪದದ ಹೊಟ್ಟೆಯಲ್ಲಿರುವ ರೊಟ್ಟಿಯೂ ಗೇಟಿನ ಮುಂದೆ ಮಾರುವ ಪಾವೂ ಒಂದೇ ಧಾತುವಿನ ಮಕ್ಕಳು. ಒಂದು ಇಂಗ್ಲಿಷರೊಡನೆ ಬಂದಿತು, ಇನ್ನೊಂದು ಪೋರ್ಚುಗೀಜರೊಡನೆ ಗೋವೆಯ ಕಡೆಯಿಂದ ಬಂದಿತು. ಭೋಸರಿಯ ಗೇಟಿನಲ್ಲಿ ಅವೆರಡೂ ಎದುರುಬದುರಾಗಿವೆ. ರೊಟ್ಟಿಯನ್ನು ಹಂಚಿಕೊಳ್ಳುವ ಅರ್ಥದ ಪದವು ಗೇಟಿನ ಒಳಗೆ, ರೊಟ್ಟಿಯು ಹೊರಗೆ.

7

ಮೇಲಿನ ಚರ್ಚೆಯಿಂದ ನಾವು ಕೆಲವು ನಿರ್ಣಯಗಳಿಗೆ ಬರಬಹುದು. ‘ಕುಂಪಣಿ’ ಮತ್ತು ‘ಕಂಪನಿ’ ಒಂದೇ ಇಂಗ್ಲಿಷ್ ಪದದ ಶುದ್ಧ ಮತ್ತು ಅಶುದ್ಧ ರೂಪಗಳಲ್ಲ; ಅವು ಬೇರೆ ಬೇರೆ ಕಾಲದ, ಬೇರೆ ಬೇರೆ ದಾರಿಯ ಎರಡು ಪ್ರವೇಶಗಳು. ಆದ್ದರಿಂದ ಲಾವಣಿಗಳನ್ನು ಸಂಪಾದಿಸುವವರು ‘ಕುಂಪಣಿ’ಯನ್ನು ತಿದ್ದಿ ‘ಕಂಪನಿ’ ಎಂದು ಅಚ್ಚುಹಾಕಿದರೆ ಒಂದು ಚಾರಿತ್ರಿಕ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ. ನಾಟಕದ ‘ಕಂಪನಿ’ಯನ್ನು ವ್ಯಾಪಾರದ ಕಂಪನಿಯ ವಿಸ್ತರಣವೆಂದು ನಿಘಂಟುಗಳಲ್ಲಿ ಕೊನೆಗೆ ಸೇರಿಸುವುದು ಸಾಲದು, ಕಾಲಾನುಕ್ರಮದಲ್ಲಿ ಜನಬಳಕೆಯ ಕನ್ನಡಕ್ಕೆ ಅದೇ ಮೊದಲು ಪರಿಚಿತವಾದಂತೆ ತೋರುತ್ತದೆ. ಕೈಗಾರಿಕಾ ಘಟಕವೆಂಬ ಅರ್ಥಕ್ಕೆ ಬಳಕೆಯ ಪ್ರದೇಶವನ್ನೂ ನಮೂದಿಸಬೇಕು. ಸಾರ್ವಜನಿಕ ರಂಗದ ದೊಡ್ಡ ಉದ್ಯಮಗಳ ಕಾಲದ ಬೆಂಗಳೂರಿನಲ್ಲಿ ‘ಫ್ಯಾಕ್ಟರಿ’ ಎಂಬುದಕ್ಕೆ ಇದ್ದ ಬಳಕೆಗೂ, ಇಂದು ಅಲ್ಲಿ ‘ಕಂಪನಿ’ ಎಂದರೆ ಗಣಕಯಂತ್ರದ ಮುಂದಿನ ಕಚೇರಿ ನೆನಪಾಗುವುದಕ್ಕೂ, ಭೋಸರಿಯ ಬಳಕೆಗೂ ಸ್ಪಷ್ಟವಾದ ಅಂತರವಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗಿನ ಅವಧಿಯಲ್ಲಿ ಹೊರಬಂದವು. ಶಾಸನಗಳಿಂದ ಆಧುನಿಕ ಸಾಹಿತ್ಯದವರೆಗಿನ ಲಿಖಿತ ಕನ್ನಡವನ್ನು ಅವು ಕಾಪಾಡಿವೆ. ಹೊರನಾಡುಗಳಲ್ಲಿ ದುಡಿಯುವ ಕನ್ನಡಿಗರ ಮಾತು ಅಂತಹ ಆಕರಗಳಲ್ಲಿ ಸಿಗುವುದಿಲ್ಲ; ಅದನ್ನು ಬರೆದಿಡುವವರು ಕಡಿಮೆ. ಮುಂಬಯಿಯ ಹೋಟೆಲುಗಳು, ಸೊಲ್ಲಾಪುರದ ಗಿರಣಿಗಳು, ಗೋವೆಯ ಬಂದರುಗಳು, ಪುಣೆಯ ಕಂಪನಿಗಳು, ಇವು ಪ್ರತಿಯೊಂದೂ ಕನ್ನಡಕ್ಕೆ ಹೊಸ ಅರ್ಥಗಳನ್ನು ಕೂಡಿಸಿವೆ. ರಾಜ್ಯದ ಹೊರಗಿರುವ ಸಂಶೋಧಕರಿಗೆ ಈ ಕ್ಷೇತ್ರವು ಕೈಗೆಟಕುವ ದೂರದಲ್ಲಿದೆ. ಮೊದಲ ತಲೆಮಾರಿನ ಭೋಸರಿಯ ಕಾರ್ಮಿಕರು ಈಗ ವೃದ್ಧರು. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿಗೆ ಶಾಲೆಯ ಭಾಷೆ ಮರಾಠಿ ಅಥವಾ ಇಂಗ್ಲಿಷ್. ‘ಕಂಪನ್ಯಾಗ’ ಎಂಬ ಸಪ್ತಮಿ ವಿಭಕ್ತಿಯು ಆ ಊರಿನಲ್ಲಿ ಇನ್ನೊಂದು ತಲೆಮಾರು ಕೇಳಿಬರುವುದೆಂದು ಹೇಳಲಾಗದು. ಆಡುವವರಿರುವಾಗಲೇ ಅದನ್ನು ದಾಖಲಿಸುವುದು ಹೊರನಾಡಿನ ಕನ್ನಡ ವಿಭಾಗಗಳ ಮುಂದಿರುವ ಕೆಲಸ.